ಎರಡನೇ ಡೊಮೈನ್ ಕಂಟ್ರೋಲರ್ ಸ್ಥಾಪಿಸಿ ಹಳೆಯ ಸರ್ವರ್ ಬದಲಿಸುವುದು: ಸಮಗ್ರ ಮಾರ್ಗದರ್ಶಿ

ಡೊಮೈನ್ ಎಂದರೆ ಒಂದೇ ಆಡಳಿತದಡಿ ಇರುವ ಬಳಕೆದಾರರು ಮತ್ತು ಕಂಪ್ಯೂಟರ್‌ಗಳ ಗುಂಪು; ಅವರ ಖಾತೆಗಳನ್ನು ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್ ಡೊಮೈನ್ ಕಂಟ್ರೋಲರ್. ಇಡೀ ಸಂಸ್ಥೆಗೆ ಅಂಥದ್ದು ಒಂದೇ ಇದ್ದು, ಅದು ಒಂದು ದಿನ ಕೈಕೊಟ್ಟರೆ ನಿಲ್ಲುವುದು ಲಾಗಿನ್ ಮಾತ್ರವಲ್ಲ. ಹೆಸರುಗಳಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅದೇ ಯಂತ್ರದಲ್ಲಿದ್ದರೆ ಇಂಟರ್ನೆಟ್ ನಿಂತಂತೆ ಕಾಣುತ್ತದೆ, ಫೈಲ್ ಸರ್ವರ್ ತೆರೆಯುವುದಿಲ್ಲ, ಪ್ರಿಂಟರ್ ಪಾಸ್‌ವರ್ಡ್ ಕೇಳುತ್ತದೆ, ಇಮೇಲ್ ತಂತ್ರಾಂಶ ಬಳಕೆದಾರರನ್ನು ಗುರುತಿಸುವುದಿಲ್ಲ. ಯಂತ್ರ ಹಳೆಯದಾದಷ್ಟೂ ಆ ದಿನ ಹತ್ತಿರ ಬರುತ್ತದೆ. ಅದರ ಮೇಲಿರುವುದು ವಿಂಡೋಸ್ ಸರ್ವರ್ 2012 ಆರ್2 ಆಗಿದ್ದರೆ, 2023ರ ಅಕ್ಟೋಬರ್ 10ಕ್ಕೇ ಅದರ ವಿಸ್ತೃತ ಬೆಂಬಲವೂ ಮುಗಿದಿದೆ. 2016ರ ಆವೃತ್ತಿಯ ಗಡುವು 2027ರ ಜನವರಿ 12.

ಇದಕ್ಕೆ ಸುರಕ್ಷಿತ ದಾರಿ ಒಂದೇ: ಹಳೆಯದು ಓಡುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ನಿಲ್ಲಿಸಬೇಕು, ಜವಾಬ್ದಾರಿಗಳನ್ನು ಒಂದೊಂದಾಗಿ ಸಾಗಿಸಬೇಕು, ಹಳೆಯದನ್ನು ಯಾರೂ ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಕ್ರಮಬದ್ಧವಾಗಿ ನಿವೃತ್ತಿಗೊಳಿಸಬೇಕು. ಹೊಸ ಕಂಟ್ರೋಲರ್ ಸ್ಥಾಪಿಸಲು ಒಂದೆರಡು ಗಂಟೆ ಸಾಕು. ಹಳೆಯದನ್ನು ಯಾರೆಲ್ಲ ನೆಚ್ಚಿಕೊಂಡಿದ್ದಾರೆ ಎಂದು ಹುಡುಕುವುದೇ ನಿಜವಾದ ಕೆಲಸ, ಅದಕ್ಕೆ ವಾರಗಳು ಬೇಕಾಗಬಹುದು. ಯೋಜನೆಯ ವೇಳಾಪಟ್ಟಿಯನ್ನು ಇದೇ ಅಂದಾಜಿನಲ್ಲಿ ಹಾಕಿಕೊಳ್ಳಿ.

ಎರಡನೆಯದು ಇದ್ದರೂ ಬ್ಯಾಕಪ್ ಬೇಕು

ವಿಂಡೋಸ್ ಎನ್‌ಟಿ ಕಾಲದಲ್ಲಿ ಒಂದು ಪ್ರಧಾನ ಕಂಟ್ರೋಲರ್, ಉಳಿದವು ಅದರ ಓದಲು ಮಾತ್ರ ಬರುವ ಪ್ರತಿಗಳು ಎಂಬ ವ್ಯವಸ್ಥೆಯಿತ್ತು. ವಿಂಡೋಸ್ 2000ದಲ್ಲಿ ಈ ಖಾತೆಗಳ ಭಂಡಾರವಾದ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಅದು ಹೋಯಿತು. ಈಗ ಎಲ್ಲ ಕಂಟ್ರೋಲರ್‌ಗಳೂ ಸಮಾನ. ಯಾವುದರಲ್ಲಿ ಬದಲಾವಣೆ ಮಾಡಿದರೂ ಉಳಿದವುಗಳಿಗೆ ಹರಡುತ್ತದೆ. ಓದಲು ಮಾತ್ರ ಬರುವ ಆರ್‌ಒಡಿಸಿ ಎಂಬ ವಿಶೇಷ ಬಗೆ ಇದಕ್ಕೆ ಅಪವಾದ.

ಹೀಗಾಗಿ ಯಾರೋ ಕೈತಪ್ಪಿ ಒಂದು ವಿಭಾಗದ ಎಲ್ಲ ಬಳಕೆದಾರರನ್ನು ಅಳಿಸಿದರೆ, ಆ ಅಳಿಸುವಿಕೆಯೂ ಎರಡನೇ ಕಂಟ್ರೋಲರ್‌ಗೆ ತಲುಪುತ್ತದೆ. ಒಂದೇ ಸೈಟ್‌ನೊಳಗೆ (ವೇಗದ ಜಾಲದಿಂದ ಬೆಸೆದ ಒಂದು ಕಚೇರಿ ಎನ್ನಿ) ಬದಲಾವಣೆಯ ಸೂಚನೆ ಸುಮಾರು 15 ಸೆಕೆಂಡುಗಳಲ್ಲೇ ಹೊರಡುತ್ತದೆ. ಎರಡನೇ ಯಂತ್ರ ನಿಮ್ಮನ್ನು ಹಾರ್ಡ್‌ವೇರ್ ಕೆಡುವುದರಿಂದ ಕಾಪಾಡುತ್ತದೆಯೇ ಹೊರತು ಮನುಷ್ಯರ ತಪ್ಪಿನಿಂದಾಗಲಿ, ರ‍್ಯಾನ್ಸಮ್‌ವೇರ್‌ನಿಂದಾಗಲಿ ಕಾಪಾಡುವುದಿಲ್ಲ. ಅದಕ್ಕೆ ಡೈರೆಕ್ಟರಿ ಮತ್ತು ಸರ್ವರ್‌ನ ಮುಖ್ಯ ಸೆಟ್ಟಿಂಗ್‌ಗಳನ್ನು ಉಳಿಸುವ ಸಿಸ್ಟಮ್ ಸ್ಟೇಟ್ ಬ್ಯಾಕಪ್ ಬೇಕು, ಅದರ ಒಂದು ಪ್ರತಿ ಜಾಲದಿಂದ ಹೊರಗೆ ಇರಬೇಕು. ಆ ಬ್ಯಾಕಪ್‌ನಲ್ಲಿ ಎಲ್ಲ ಬಳಕೆದಾರರ ಪಾಸ್‌ವರ್ಡ್ ಹ್ಯಾಶ್‌ಗಳು (ಪಾಸ್‌ವರ್ಡ್‌ಗಳ ಗೂಢ ರೂಪಗಳು) ಇರುತ್ತವೆ, ಹಾಗಾಗಿ ಅದನ್ನು ಕಾಯುವುದರಲ್ಲಿ ಸಡಿಲಿಕೆ ಸಲ್ಲದು. ತೀರಾ ಹಳೆಯ ಬ್ಯಾಕಪ್ ಪ್ರಯೋಜನಕ್ಕೂ ಬಾರದು: ಅಳಿಸಿದ ವಸ್ತುಗಳ ಗುರುತನ್ನು ಡೈರೆಕ್ಟರಿ ಸಾಮಾನ್ಯವಾಗಿ 180 ದಿನ ಇಟ್ಟುಕೊಳ್ಳುತ್ತದೆ, ಬಹಳ ಹಿಂದೆ ಹುಟ್ಟಿದ ಡೊಮೈನ್‌ಗಳಲ್ಲಿ 60 ದಿನ. ಆ ಅವಧಿ ಮೀರಿದ ಬ್ಯಾಕಪ್ ಬಳಸಬಾರದು.

ಹೆಜ್ಜೆ 1: ಇರುವುದರ ಆರೋಗ್ಯ ತಪಾಸಣೆ

ಕಾಯಿಲೆ ಬಿದ್ದ ಡೊಮೈನ್‌ಗೆ ಹೊಸ ಕಂಟ್ರೋಲರ್ ಸೇರಿಸಿದರೆ ಕಾಯಿಲೆ ಎರಡು ಕಡೆ ಆಗುತ್ತದೆ. ಮೊದಲು ಹಳೆಯ ಸರ್ವರ್‌ನಲ್ಲಿ ‘ಡಿಸಿಡಯಾಗ್’ ಎಂಬ ತಪಾಸಣಾ ಆದೇಶ ಓಡಿಸಿ, ವಿಫಲವಾದ ಪ್ರತಿಯೊಂದು ಪರೀಕ್ಷೆಗೂ ಕಾರಣ ಹುಡುಕಿ. ಅದರ ಡಿಎನ್‌ಎಸ್ ಪರೀಕ್ಷೆಯನ್ನು ಪ್ರತ್ಯೇಕವಾಗಿ ಓಡಿಸಬೇಕು, ಸಾಮಾನ್ಯ ಓಟದಲ್ಲಿ ಅದು ಸೇರಿರುವುದಿಲ್ಲ. ಈಗಾಗಲೇ ಒಂದಕ್ಕಿಂತ ಹೆಚ್ಚು ಕಂಟ್ರೋಲರ್ ಇದ್ದರೆ ‘ರೆಪ್‌ಆಡ್ಮಿನ್’ ಸಾಧನದ ‘ರೆಪ್ಲ್‌ಸಮರಿ’ ಆಯ್ಕೆ ರೆಪ್ಲಿಕೇಶನ್ (ಕಂಟ್ರೋಲರ್‌ಗಳ ನಡುವೆ ಬದಲಾವಣೆ ಹರಡುವುದು) ಸ್ಥಿತಿಯನ್ನು ಒಂದೇ ಪುಟದಲ್ಲಿ ತೋರಿಸುತ್ತದೆ. ಹಿಂದೆಂದೋ ಸತ್ತುಹೋದ ಕಂಟ್ರೋಲರ್‌ನ ಹೆಸರು ಅಲ್ಲಿ ಇನ್ನೂ ಕಾಣುತ್ತಿದ್ದರೆ ಅದನ್ನು ಈಗಲೇ ತೆಗೆದುಹಾಕಿ.

ಮುಂದಿನದು ಸಿಸ್ವಾಲ್. ಗ್ರೂಪ್ ಪಾಲಿಸಿಗಳು (ಡೊಮೈನ್‌ನ ಕಂಪ್ಯೂಟರ್‌ಗಳಿಗೆ ಒಟ್ಟಾಗಿ ಅನ್ವಯಿಸುವ ಸೆಟ್ಟಿಂಗ್‌ಗಳು) ಮತ್ತು ಲಾಗಿನ್ ಸ್ಕ್ರಿಪ್ಟ್‌ಗಳು ಇರುವ ಈ ಫೋಲ್ಡರ್ ಹಿಂದೆ ಎಫ್‌ಆರ್‌ಎಸ್ ಎಂಬ ವಿಧಾನದಲ್ಲಿ ಹರಡುತ್ತಿತ್ತು. 2008ರ ಆವೃತ್ತಿಯಿಂದ ಡಿಎಫ್‌ಎಸ್‌ಆರ್ ಬಂತು. ಎಫ್‌ಆರ್‌ಎಸ್ ಬಳಸುವ ಡೊಮೈನ್‌ಗೆ 2019 ಅಥವಾ 2022ರ ಸರ್ವರ್ ಕಂಟ್ರೋಲರ್ ಆಗಿ ಸೇರಲಾರದು. 2003ರ ಕಾಲದಿಂದ ಬೆಳೆದುಬಂದ ಡೊಮೈನ್‌ಗಳಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ‘ಡಿಎಫ್‌ಎಸ್‌ಆರ್‌ಮಿಗ್’ ಸಾಧನಕ್ಕೆ ‘ಗೆಟ್‌ಗ್ಲೋಬಲ್‌ಸ್ಟೇಟ್’ ಎಂದು ಕೇಳಿ. ‘ಎಲಿಮಿನೇಟೆಡ್’ ಎಂಬ ಉತ್ತರ ಬಂದರೆ ನಿಶ್ಚಿಂತೆ. ಇಲ್ಲವಾದರೆ ಅದೇ ಸಾಧನದ ‘ಸೆಟ್‌ಗ್ಲೋಬಲ್‌ಸ್ಟೇಟ್’ ಮೂಲಕ 1, 2, 3 ಎಂಬ ಹಂತಗಳನ್ನು ಕ್ರಮವಾಗಿ ದಾಟಬೇಕು. ಪ್ರತಿ ಹಂತದ ನಂತರ ‘ಗೆಟ್‌ಮೈಗ್ರೇಶನ್‌ಸ್ಟೇಟ್’ ಕೇಳಿ, ಎಲ್ಲ ಕಂಟ್ರೋಲರ್‌ಗಳೂ ಆ ಹಂತ ತಲುಪಿವೆ ಎಂಬ ಉತ್ತರ ಬಂದ ಮೇಲಷ್ಟೇ ಮುಂದಿನದಕ್ಕೆ ಹೋಗಿ. ಎರಡನೇ ಹಂತದವರೆಗೆ ಹಿಂದಕ್ಕೆ ಬರಲು ಅವಕಾಶವಿದೆ, ಮೂರನೆಯದರ ನಂತರ ಇಲ್ಲ.

ಫಂಕ್ಷನಲ್ ಲೆವೆಲ್, ಅಂದರೆ ಡೊಮೈನ್ ಯಾವ ಆವೃತ್ತಿಯ ಸೌಲಭ್ಯಗಳ ಮಟ್ಟದಲ್ಲಿ ನಡೆಯುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. 2019 ಮತ್ತು 2022ಕ್ಕೆ ಡೊಮೈನ್ ಕನಿಷ್ಠ 2008ರ ಮಟ್ಟದಲ್ಲಿರಬೇಕು. 2025ರ ಸರ್ವರ್‌ಗೆ ಕನಿಷ್ಠ 2016ರ ಮಟ್ಟ ಬೇಕು. ಅಂದರೆ ಹಳೆಯದು 2012 ಆರ್2 ಆಗಿದ್ದರೆ ನೇರವಾಗಿ 2025ಕ್ಕೆ ಜಿಗಿಯಲು ಆಗುವುದಿಲ್ಲ. ನಡುವೆ 2016, 2019 ಅಥವಾ 2022ರ ಕಂಟ್ರೋಲರ್ ನಿಲ್ಲಿಸಿ, 2012 ಆರ್2 ತೆಗೆದು, ಮಟ್ಟ ಏರಿಸಿ ಮುಂದುವರಿಯಬೇಕು. ಲೈಸೆನ್ಸ್ ಕೊಳ್ಳುವ ಮೊದಲೇ ಇದು ಗೊತ್ತಿರಲಿ.

ಇಷ್ಟು ಸರಿಯಿದ್ದರೆ ಹಳೆಯ ಸರ್ವರ್‌ನ ಸಿಸ್ಟಮ್ ಸ್ಟೇಟ್ ಬ್ಯಾಕಪ್ ತೆಗೆಯಿರಿ. ವರ್ಚುವಲ್ ಯಂತ್ರದ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ನಕಲು) ಇದಕ್ಕೆ ಬದಲಿಯಲ್ಲ.

ಹೆಜ್ಜೆ 2: ಹೊಸ ಯಂತ್ರದ ಸಿದ್ಧತೆ

ಹೊಸ ಸರ್ವರ್‌ಗೆ ಶುದ್ಧವಾಗಿ ವಿಂಡೋಸ್ ಹಾಕಿ. ಹಳೆಯ ಕಂಟ್ರೋಲರ್‌ನ ಡಿಸ್ಕನ್ನು ನಕಲು ಮಾಡಿ ಮೇಲೆತ್ತುವ ಯೋಚನೆ ಬೇಡ. ಹೆಸರನ್ನು ಈಗಲೇ ಅಂತಿಮಗೊಳಿಸಿ, ಕಂಟ್ರೋಲರ್ ಆದ ಮೇಲೆ ಹೆಸರು ಬದಲಿಸುವುದು ಸಾಧ್ಯವಿದ್ದರೂ ಬೇಡದ ಕಿರಿಕಿರಿ. ಸ್ಥಿರ ಐಪಿ ವಿಳಾಸ ಕೊಡಿ, ಅಪ್‌ಡೇಟ್‌ಗಳನ್ನು ಮುಗಿಸಿ, ಸಮಯ ವಲಯ ಸರಿಪಡಿಸಿ. ವರ್ಚುವಲ್ ಯಂತ್ರವಾದರೆ ಎರಡು ಕಂಟ್ರೋಲರ್‌ಗಳೂ ಒಂದೇ ಭೌತಿಕ ಹೋಸ್ಟ್ ಮೇಲೆ ಇರದಂತೆ ನೋಡಿಕೊಳ್ಳಿ. ಒಂದೇ ಡಿಸ್ಕ್ ಸಂಗ್ರಹವನ್ನು ಎರಡೂ ಹಂಚಿಕೊಂಡರೂ ಅದೇ ಅಪಾಯ.

ನೆಟ್‌ವರ್ಕ್ ಕಾರ್ಡ್‌ನ ಡಿಎನ್‌ಎಸ್ ಜಾಗದಲ್ಲಿ ಸದ್ಯಕ್ಕೆ ಹಳೆಯ ಕಂಟ್ರೋಲರ್‌ನ ವಿಳಾಸ ಮಾತ್ರ ಇರಲಿ. ಎರಡನೇ ಸಾಲಿನಲ್ಲಿ ಸಾರ್ವಜನಿಕ ಡಿಎನ್‌ಎಸ್ ವಿಳಾಸ ಹಾಕುವ ಅಭ್ಯಾಸ ವ್ಯಾಪಕವಾಗಿದೆ, ಅದನ್ನು ಬಿಡಲೇಬೇಕು. ಮೊದಲ ಸರ್ವರ್ ಕ್ಷಣಕಾಲ ಉತ್ತರಿಸದಿದ್ದರೆ ಕಂಪ್ಯೂಟರ್ ಎರಡನೆಯದಕ್ಕೆ ಹೊರಳುತ್ತದೆ, ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತದೆ. ಹೊರಗಿನ ಆ ಸರ್ವರ್‌ಗೆ ನಿಮ್ಮ ಡೊಮೈನ್ ಯಾವುದೆಂದೇ ಗೊತ್ತಿಲ್ಲ. ಪರಿಣಾಮ, ಆಗಾಗ ಬಂದು ಹೋಗುವ, ಕಾರಣ ಸಿಗದ ಲಾಗಿನ್ ತೊಂದರೆ. ಹೊರಗಿನ ಹೆಸರುಗಳನ್ನು ಹುಡುಕುವ ಕೆಲಸ ಡಿಎನ್‌ಎಸ್ ಸರ್ವರ್‌ನ ಫಾರ್ವರ್ಡರ್‌ಗಳದ್ದು (ತನಗೆ ಗೊತ್ತಿಲ್ಲದ ಹೆಸರನ್ನು ಅದು ಕೇಳುವ ಬೇರೆ ಸರ್ವರ್‌ಗಳು), ಕಾರ್ಡಿನ ಸೆಟ್ಟಿಂಗ್‌ನದ್ದಲ್ಲ.

ಎರಡು ಯಂತ್ರಗಳ ನಡುವೆ ಫೈರ್‌ವಾಲ್ ಇದ್ದರೆ ಈ ಪೋರ್ಟ್‌ಗಳು ತೆರೆದಿರಬೇಕು: ಡಿಎನ್‌ಎಸ್‌ಗೆ 53, ಲಾಗಿನ್ ದೃಢೀಕರಿಸುವ ಕರ್ಬರೋಸ್‌ಗೆ 88, ಸಮಯಕ್ಕೆ 123, ಬೇರೆ ಯಂತ್ರದ ಸೇವೆಯನ್ನು ಕರೆಯುವ ಆರ್‌ಪಿಸಿಗೆ 135, ಡೈರೆಕ್ಟರಿಯಿಂದ ಮಾಹಿತಿ ಕೇಳುವ ವಿಧಾನವಾದ ಎಲ್‌ಡ್ಯಾಪ್‌ಗೆ 389, ಅದರ ಗೂಢಲಿಪಿ ರೂಪವಾದ ಎಲ್‌ಡ್ಯಾಪ್‌ಎಸ್‌ಗೆ 636, ಫೈಲ್ ಹಂಚಿಕೆಗೆ 445, ಪಾಸ್‌ವರ್ಡ್ ಬದಲಾವಣೆಗೆ 464, ಇಡೀ ಡೈರೆಕ್ಟರಿಯಲ್ಲಿ ಹುಡುಕಲು ನೆರವಾಗುವ ಗ್ಲೋಬಲ್ ಕ್ಯಾಟಲಾಗ್‌ಗೆ 3268 ಮತ್ತು 3269, ಜೊತೆಗೆ 49152ರಿಂದ 65535ರವರೆಗಿನ ಶ್ರೇಣಿ. ಜನ ಮರೆಯುವುದು ಕೊನೆಯ ಶ್ರೇಣಿಯನ್ನೇ, ರೆಪ್ಲಿಕೇಶನ್ ನಡೆಯುವುದು ಅದರ ಮೂಲಕವೇ.

ಹೆಜ್ಜೆ 3: ಕಂಟ್ರೋಲರ್ ಪಟ್ಟ

ಯಂತ್ರವನ್ನು ಮೊದಲು ಸಾಮಾನ್ಯ ಸದಸ್ಯನಾಗಿ ಡೊಮೈನ್‌ಗೆ ಸೇರಿಸಿ ರೀಸ್ಟಾರ್ಟ್ ಮಾಡಿ. ಆಮೇಲೆ ಸರ್ವರ್ ಮ್ಯಾನೇಜರ್‌ನಲ್ಲಿ ಆಕ್ಟಿವ್ ಡೈರೆಕ್ಟರಿ ಡೊಮೈನ್ ಸರ್ವೀಸಸ್ ಎಂಬ ರೋಲ್ ಸೇರಿಸಿ. ಅನುಸ್ಥಾಪನೆ ಮುಗಿದಾಗ ಮೇಲ್ಭಾಗದ ಹಳದಿ ಎಚ್ಚರಿಕೆ ಗುರುತನ್ನು ಒತ್ತಿದರೆ ಬಡ್ತಿಯ ವಿಝಾರ್ಡ್ ತೆರೆಯುತ್ತದೆ. ‘ಈಗಿರುವ ಡೊಮೈನ್‌ಗೆ ಕಂಟ್ರೋಲರ್ ಸೇರಿಸು’ ಎಂಬ ಅರ್ಥದ ಮೊದಲ ಆಯ್ಕೆಯನ್ನೇ ಆರಿಸಿ. ಡಿಎನ್‌ಎಸ್ ಮತ್ತು ಗ್ಲೋಬಲ್ ಕ್ಯಾಟಲಾಗ್ ಎರಡಕ್ಕೂ ಗುರುತು ಇರಲಿ.

ಇಲ್ಲಿ ಡಿಎಸ್‌ಆರ್‌ಎಂ (ಡೈರೆಕ್ಟರಿಯ ದುರಸ್ತಿ ಸ್ಥಿತಿ) ಪಾಸ್‌ವರ್ಡ್ ಕೇಳುತ್ತದೆ. ಡೈರೆಕ್ಟರಿ ಸೇವೆ ಏಳದಿದ್ದಾಗ ಆ ಯಂತ್ರದೊಳಗೆ ಹೋಗಲು ಇದೊಂದೇ ಕೀಲಿ. ಟೈಪಿಸಿ ಮರೆತುಬಿಡುವ ಪಾಸ್‌ವರ್ಡ್ ಇದಲ್ಲ; ಬರೆದು ಭದ್ರವಾದ ಕಡೆ ಇಡಿ.

ಡಿಎನ್‌ಎಸ್ ಡೆಲಿಗೇಶನ್ ರಚಿಸಲಾಗುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಆಂತರಿಕ ಡೊಮೈನ್‌ಗಳಲ್ಲಿ ಗಾಬರಿಪಡುವ ಅಗತ್ಯವಿಲ್ಲ, ಮುಂದುವರಿಯಿರಿ. ಹೊಸ ಆವೃತ್ತಿಗೆ ಬೇಕಾದ ಸ್ಕೀಮಾ (ಡೈರೆಕ್ಟರಿಯ ರಚನೆಯ ನಕ್ಷೆ) ವಿಸ್ತರಣೆಯನ್ನು 2012ರಿಂದೀಚಿನ ವಿಝಾರ್ಡ್ ತಾನೇ ಮಾಡುತ್ತದೆ, ಆದರೆ ನೀವು ಬಳಸುವ ಖಾತೆ ಸ್ಕೀಮಾ ಅಡ್ಮಿನ್ಸ್, ಎಂಟರ್‌ಪ್ರೈಸ್ ಅಡ್ಮಿನ್ಸ್, ಡೊಮೈನ್ ಅಡ್ಮಿನ್ಸ್ ಮೂರೂ ಗುಂಪುಗಳಲ್ಲಿ ಇರಬೇಕು. ಕೆಲಸ ಮುಗಿದ ದಿನವೇ ಮೊದಲ ಎರಡು ಗುಂಪುಗಳಿಂದ ಖಾತೆಯನ್ನು ಹೊರತೆಗೆಯಿರಿ. ದೂರದ ಶಾಖೆಯಲ್ಲಿ ನಿಧಾನದ ಸಂಪರ್ಕವಿದ್ದರೆ ‘ಎನ್‌ಟಿಡಿಎಸ್‌ಯುಟಿಲ್’ ಮೂಲಕ ಮಾಧ್ಯಮ ಸಿದ್ಧಪಡಿಸಿ, ಅದರಿಂದ ಅನುಸ್ಥಾಪಿಸುವ ಆಯ್ಕೆಯೂ ಇದೆ.

ಹೆಜ್ಜೆ 4: ನಿಜವಾಗಿ ಕಂಟ್ರೋಲರ್ ಆಯಿತೇ?

ರೀಸ್ಟಾರ್ಟ್ ಆದ ಕೂಡಲೇ ಲಾಗಿನ್ ಪರದೆ ಕಂಡಿತೆಂದು ಮುಂದೆ ಹೋಗಬೇಡಿ. ಹೊಸ ಸರ್ವರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್ ಶೇರ್’ ಎಂದು ಟೈಪಿಸಿ. ಬರುವ ಚಿಕ್ಕ ಪಟ್ಟಿಯಲ್ಲಿ ‘ನೆಟ್‌ಲಾಗನ್’ ಮತ್ತು ‘ಸಿಸ್ವಾಲ್’ ಎಂಬ ಎರಡು ಸಾಲುಗಳಿವೆಯೇ ನೋಡಿ. ಅವೆರಡೂ ಇಲ್ಲದಿದ್ದರೆ ಸಿಸ್ವಾಲ್‌ನ ಮೊದಲ ಪ್ರತಿ ಇನ್ನೂ ಬಂದಿಲ್ಲ, ಈ ಯಂತ್ರ ತನ್ನನ್ನು ಕಂಟ್ರೋಲರ್ ಎಂದು ಜಾಲಕ್ಕೆ ಪರಿಚಯಿಸಿಕೊಳ್ಳುವುದಿಲ್ಲ. ಕೆಲವೊಮ್ಮೆ ಕಾಲು ಗಂಟೆ ಕಾದರೆ ಸಾಕು. ಇವೆಂಟ್ ವ್ಯೂವರ್‌ನ ಡಿಎಫ್‌ಎಸ್ ರೆಪ್ಲಿಕೇಶನ್ ದಾಖಲೆಯಲ್ಲಿ 4614 ಎಂಬ ಸಂಖ್ಯೆ ಇದ್ದರೆ ಅದು ಕಾಯುತ್ತಿದೆ ಎಂದರ್ಥ. 4604 ಬಂದರೆ ಮೊದಲ ಪ್ರತಿ ಮುಗಿದಿದೆ. ಗಂಟೆಗಳು ಕಳೆದರೂ 4614ರಲ್ಲೇ ನಿಂತಿದ್ದರೆ ದೋಷ ಬಹುಪಾಲು ಹಳೆಯ ಸರ್ವರ್‌ನ ಕಡೆ ಇರುತ್ತದೆ, ಅದರ ಅದೇ ದಾಖಲೆಯನ್ನು ಓದಿ. ಇದು ಸರಿಯಾಗದೆ ಹಳೆಯದನ್ನು ತೆಗೆದರೆ ಗ್ರೂಪ್ ಪಾಲಿಸಿಗಳೆಲ್ಲ ಕೈತಪ್ಪಿ ಹೋಗುತ್ತವೆ.

ಅನಂತರ ‘ರೆಪ್‌ಆಡ್ಮಿನ್’ನ ‘ಶೋರೆಪ್ಲ್’ ಎರಡೂ ಕಡೆ ಯಶಸ್ವಿ ಎಂದು ತೋರಿಸಬೇಕು. ಕಣ್ಣಿಗೆ ಕಾಣುವ ಪರೀಕ್ಷೆಯೂ ಇರಲಿ: ಹೊಸ ಸರ್ವರ್‌ನಲ್ಲಿ ಒಂದು ಪರೀಕ್ಷಾ ಖಾತೆ ರಚಿಸಿ, ಹಳೆಯದರಲ್ಲಿ ಅದು ಕಾಣುತ್ತದೆಯೇ ನೋಡಿ. ಸಿಸ್ವಾಲ್ ಫೋಲ್ಡರ್‌ನಲ್ಲಿ ಒಂದು ಪಠ್ಯ ಫೈಲ್ ಇಟ್ಟು ಅದು ಆಚೆ ತಲುಪುವುದನ್ನೂ ನೋಡಿ. ಇವೆರಡು ಬೇರೆ ಬೇರೆ ವಿಧಾನಗಳಲ್ಲಿ ಹರಡುವುದರಿಂದ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರುವುದು ಸಾಮಾನ್ಯ.

ಡಿಎನ್‌ಎಸ್ ವಲಯಗಳು (ಹೆಸರು ಮತ್ತು ವಿಳಾಸಗಳ ಪಟ್ಟಿಗಳು) ಆಕ್ಟಿವ್ ಡೈರೆಕ್ಟರಿಯಲ್ಲೇ ಇದ್ದರೆ ತಾವಾಗಿ ಬಂದಿರುತ್ತವೆ. ಫಾರ್ವರ್ಡರ್‌ಗಳು ಹಾಗಲ್ಲ, ಅವು ಆಯಾ ಸರ್ವರ್‌ನ ಸ್ವಂತ ಸೆಟ್ಟಿಂಗ್. ಹಳೆಯದರಲ್ಲಿ ಏನಿತ್ತೋ ನೋಡಿ ಕೈಯಿಂದಲೇ ಹೊಂದಿಸಿ. ಕಾರ್ಡ್‌ನ ಡಿಎನ್‌ಎಸ್‌ನಲ್ಲಿ ಈಗ ಮೊದಲು ಇನ್ನೊಂದು ಕಂಟ್ರೋಲರ್‌ನ ವಿಳಾಸ, ಆಮೇಲೆ ಆ ಯಂತ್ರವನ್ನೇ ಸೂಚಿಸುವ 127.0.0.1 ಇರಲಿ, ಹಳೆಯದರಲ್ಲೂ ಇದೇ ಕ್ರಮ.

ಹೆಜ್ಜೆ 5: ಐದು ಪಾತ್ರಗಳ ಸ್ಥಳಾಂತರ

ಎಲ್ಲರೂ ಸಮಾನರಾದರೂ ಐದು ಕೆಲಸಗಳನ್ನು ಒಂದೊಂದೇ ಯಂತ್ರ ಮಾಡಬೇಕು: ಸ್ಕೀಮಾ ಮಾಸ್ಟರ್, ಡೊಮೈನ್ ನೇಮಿಂಗ್ ಮಾಸ್ಟರ್, ರಿಡ್ ಮಾಸ್ಟರ್ (ಗುರುತಿನ ಸಂಖ್ಯೆಗಳನ್ನು ಹಂಚುವುದು), ಪಿಡಿಸಿ ಎಮ್ಯುಲೇಟರ್ (ಸಮಯ ಮತ್ತು ಪಾಸ್‌ವರ್ಡ್ ಬದಲಾವಣೆಗಳ ಹೊಣೆ), ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್. ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ’ ಎಂದು ಕೇಳಿದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತದೆ. ಪವರ್‌ಶೆಲ್‌ನ ‘ಮೂವ್ ಎಡಿ ಡೈರೆಕ್ಟರಿ ಸರ್ವರ್ ಆಪರೇಶನ್ ಮಾಸ್ಟರ್ ರೋಲ್’ ಆದೇಶಕ್ಕೆ ಹೊಸ ಸರ್ವರ್‌ನ ಹೆಸರು ಮತ್ತು ಪಾತ್ರಗಳ ಸಂಖ್ಯೆ 0ರಿಂದ 4ರವರೆಗೆ ಕೊಟ್ಟರೆ ಐದೂ ಒಟ್ಟಿಗೆ ಸಾಗುತ್ತವೆ. ಬಳಕೆದಾರರಿಗೆ ಇದರ ಸುಳಿವೂ ಸಿಗುವುದಿಲ್ಲ.

ಹಳೆಯ ಸರ್ವರ್ ಈಗಾಗಲೇ ಸತ್ತಿದ್ದರೆ ಪಾತ್ರಗಳನ್ನು ಬಲವಂತವಾಗಿ ವಶಪಡಿಸಿಕೊಳ್ಳಬಹುದು, ಅದೇ ಆದೇಶಕ್ಕೆ ‘ಫೋರ್ಸ್’ ಸೇರಿಸಿದರೆ ಸಾಕು. ಆದರೆ ಹಾಗೆ ಮಾಡಿದ ಮೇಲೆ ಆ ಹಳೆಯ ಯಂತ್ರವನ್ನು ಯಾವ ಕಾರಣಕ್ಕೂ ಮತ್ತೆ ಜಾಲಕ್ಕೆ ಜೋಡಿಸಬಾರದು. ರಿಡ್ ಮಾಸ್ಟರ್ ಎರಡು ಕಡೆ ಎದ್ದರೆ ಇಬ್ಬರು ಬಳಕೆದಾರರಿಗೆ ಒಂದೇ ಗುರುತಿನ ಸಂಖ್ಯೆ ಸಿಗುವ ಅಪಾಯವಿದೆ.

ಪಿಡಿಸಿ ಎಮ್ಯುಲೇಟರ್ ಜೊತೆ ಸಮಯದ ಹೊಣೆಯೂ ಸಾಗುತ್ತದೆ. ಎರಡು ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಕರ್ಬರೋಸ್ ಲಾಗಿನ್ ನಿರಾಕರಿಸುತ್ತದೆ. ಹೊಸ ಸರ್ವರ್‌ನಲ್ಲಿ ‘ಡಬ್ಲ್ಯು32ಟಿಎಂ’ ಬಳಸಿ ನಂಬಿಕಸ್ಥ ಎನ್‌ಟಿಪಿ (ಜಾಲದ ಮೂಲಕ ಸಮಯ ಕೊಡುವ) ಮೂಲಗಳನ್ನು ನಮೂದಿಸಿ, ಹಳೆಯದನ್ನು ಡೊಮೈನ್ ಶ್ರೇಣಿಯಿಂದ ಸಮಯ ಪಡೆಯುವಂತೆ ಹಿಂದಿರುಗಿಸಿ. ವರ್ಚುವಲ್ ಯಂತ್ರವಾದರೆ ಹೋಸ್ಟ್ ತನ್ನ ಸಮಯವನ್ನು ಇದರ ಮೇಲೆ ಹೇರದಂತೆ ಆ ಆಯ್ಕೆಯನ್ನು ನಿಲ್ಲಿಸಿ.

ಹೆಜ್ಜೆ 6: ಹಳೆಯದನ್ನು ಇನ್ನೂ ಯಾರು ಕೇಳುತ್ತಿದ್ದಾರೆ?

ಹೆಚ್ಚು ತಾಳ್ಮೆ ಬೇಡುವ ಹೆಜ್ಜೆ ಇದು. ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ 006ನೇ ಆಯ್ಕೆಯಲ್ಲಿ ಡಿಎನ್‌ಎಸ್ ವಿಳಾಸಗಳನ್ನು ಬದಲಿಸಿ. ಡಿಎಚ್‌ಸಿಪಿ ಸೇವೆಯೇ ಹಳೆಯ ಯಂತ್ರದಲ್ಲಿದ್ದರೆ ಪವರ್‌ಶೆಲ್‌ನಿಂದ ಲೀಸ್‌ಗಳ (ನಿಗದಿತ ಅವಧಿಗೆ ಹಂಚಿದ ವಿಳಾಸಗಳ) ಸಮೇತ ರಫ್ತು ಮಾಡಿ ಹೊಸದರಲ್ಲಿ ಆಮದು ಮಾಡಿ, ಹೊಸದನ್ನು ಡೈರೆಕ್ಟರಿಯಲ್ಲಿ ಅಧಿಕೃತಗೊಳಿಸಿ, ಹಳೆಯದರ ಅಧಿಕಾರ ಹಿಂಪಡೆಯಿರಿ. ಲೀಸ್ ಅವಧಿ 8 ದಿನ ಇದ್ದರೆ ಎಲ್ಲ ಕಂಪ್ಯೂಟರ್‌ಗಳೂ ಹೊಸ ಡಿಎನ್‌ಎಸ್ ವಿಳಾಸ ಪಡೆಯಲು ಅದರ ಅರ್ಧದಷ್ಟಾದರೂ ಸಮಯ ಕೊಡಿ.

ಆಮೇಲೆ ಹಳೆಯ ಸರ್ವರ್‌ನ ಡಿಎನ್‌ಎಸ್ ಗುಣಲಕ್ಷಣಗಳಲ್ಲಿ ಡಿಬಗ್ ಲಾಗಿಂಗ್ ಚಾಲೂ ಮಾಡಿ ಎರಡು ದಿನ ಬಿಡಿ. ಆ ಪಠ್ಯ ಫೈಲಿನಲ್ಲಿ ಪ್ರತಿ ಸಾಲಿಗೂ ಸಮಯ, ಕೇಳಿದವರ ಐಪಿ ವಿಳಾಸ, ಕೇಳಿದ ಹೆಸರು ಇರುತ್ತವೆ. ವಿಳಾಸಗಳನ್ನು ಮಾತ್ರ ಬೇರ್ಪಡಿಸಿ ಎಣಿಸಿದರೆ ಪಟ್ಟಿ ಚಿಕ್ಕದಾಗುತ್ತದೆ. ಅಲ್ಲಿ ಕಾಣಿಸುವುದು ಸಾಮಾನ್ಯವಾಗಿ ಕಂಪ್ಯೂಟರ್‌ಗಳಲ್ಲ: ಮೂಲೆಯಲ್ಲಿರುವ ಸ್ಕ್ಯಾನರ್, ಹಾಜರಾತಿ ಯಂತ್ರ, ಕ್ಯಾಮೆರಾ ರೆಕಾರ್ಡರ್, ವೈಫೈ ನಿಯಂತ್ರಕ, ಡಿಸ್ಕ್ ಸಂಗ್ರಹ ಪೆಟ್ಟಿಗೆ. ಇವುಗಳಿಗೆ ಯಾರೋ ಎಂದೋ ಕೈಯಿಂದ ವಿಳಾಸ ಬರೆದಿರುತ್ತಾರೆ. ಒಂದೊಂದರ ಪುಟ ತೆರೆದು ಎರಡು ಕಂಟ್ರೋಲರ್‌ಗಳ ವಿಳಾಸ ಹಾಕುತ್ತಾ ಬನ್ನಿ.

ಎಲ್‌ಡ್ಯಾಪ್ ಬಳಸುವ ತಂತ್ರಾಂಶಗಳು ಇದಕ್ಕಿಂತ ಗುಪ್ತ. ಡೈರೆಕ್ಟರಿ ಸೇವೆಯ ರೋಗಪತ್ತೆ ಸೆಟ್ಟಿಂಗ್‌ಗಳಲ್ಲಿ ಎಲ್‌ಡ್ಯಾಪ್ ಘಟನೆಗಳ ದಾಖಲೆಯ ಮಟ್ಟವನ್ನು 2ಕ್ಕೆ ಏರಿಸಿದರೆ, ಸಹಿಯಿಲ್ಲದ ಸಂಪರ್ಕ ಮಾಡುವ ಪ್ರತಿ ಸಾಧನದ ವಿಳಾಸವೂ 2889 ಎಂಬ ಸಂಖ್ಯೆಯಡಿ ದಾಖಲಾಗುತ್ತದೆ. ಅಂಥ ಕಡೆಗಳಲ್ಲಿ ಸರ್ವರ್ ಹೆಸರಿನ ಬದಲು ಡೊಮೈನ್‌ನ ಹೆಸರನ್ನೇ ಬರೆಯಿರಿ. ಮುಂದಿನ ಬದಲಾವಣೆಯಲ್ಲಿ ಈ ಹುಡುಕಾಟ ತಪ್ಪುತ್ತದೆ. ಎಲ್‌ಡ್ಯಾಪ್‌ಎಸ್ ಬಳಸುವವರು ಪ್ರಮಾಣಪತ್ರದಲ್ಲಿ ಆ ಹೆಸರೂ ಇದೆಯೇ ಎಂದು ನೋಡಿಕೊಳ್ಳಬೇಕು.

ಹಂಚಿದ ಫೋಲ್ಡರ್‌ಗಳು, ಪ್ರಿಂಟರ್ ಸರತಿಗಳು, ನಿಗದಿತ ಕಾರ್ಯಗಳು ಹಳೆಯ ಯಂತ್ರದಲ್ಲಿದ್ದರೆ ಅವನ್ನು ಬೇರೆ ಸದಸ್ಯ ಸರ್ವರ್‌ಗೆ ಸಾಗಿಸಿ. ಕಂಟ್ರೋಲರ್ ಮೇಲೆ ಇತರ ಕೆಲಸ ಹೇರುವುದು ಹೊಸದರಲ್ಲಾದರೂ ನಿಲ್ಲಲಿ. ಸರ್ಟಿಫಿಕೇಟ್ ಸೇವೆ ಹಳೆಯದರಲ್ಲಿದ್ದರೆ ಅದನ್ನು ಮೊದಲು ಬ್ಯಾಕಪ್ ತೆಗೆದು ವರ್ಗಾಯಿಸಲೇಬೇಕು, ಅದಿರುವವರೆಗೆ ಕಂಟ್ರೋಲರ್ ಪಟ್ಟ ಇಳಿಸಲಾಗದು.

ಹೆಜ್ಜೆ 7: ಮೌನ ಪರೀಕ್ಷೆ

ಪಟ್ಟ ಇಳಿಸುವ ಮೊದಲು ಹಳೆಯ ಸರ್ವರನ್ನು ಕೆಲಸದ ದಿನಗಳಲ್ಲೇ ಆಫ್ ಮಾಡಿ ನೋಡಿ. ವಾರಾಂತ್ಯದಲ್ಲಿ ಮಾಡಿದರೆ ದೂರು ಕೊಡುವವರೇ ಇರುವುದಿಲ್ಲ. ಮೂರ್ನಾಲ್ಕು ದಿನ ಸಾಕು. ತಿಂಗಳ ಕೊನೆಯ ಲೆಕ್ಕಪತ್ರದಂಥ ಕೆಲಸವಿದ್ದರೆ ಅದೂ ಈ ಅವಧಿಯಲ್ಲಿ ಬರುವಂತೆ ನೋಡಿಕೊಳ್ಳಿ.

ಲಾಗಿನ್ ಪರೀಕ್ಷೆಯಲ್ಲಿ ಒಂದು ಮೋಸವಿದೆ. ವಿಂಡೋಸ್ ಸಾಮಾನ್ಯವಾಗಿ ಕೊನೆಯ 10 ಬಳಕೆದಾರರ ಲಾಗಿನ್ ವಿವರಗಳನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ, ಕಂಟ್ರೋಲರ್ ಒಂದೂ ಇಲ್ಲದಿದ್ದರೂ ಅವರನ್ನು ಒಳಗೆ ಬಿಡುತ್ತದೆ. ನಿಮ್ಮ ಮೇಜಿನ ಕಂಪ್ಯೂಟರಿಗೆ ನೀವೇ ಲಾಗಿನ್ ಆದರೆ ಏನೂ ಸಾಬೀತಾಗುವುದಿಲ್ಲ. ಆ ಕಂಪ್ಯೂಟರಿಗೆ ಎಂದೂ ಲಾಗಿನ್ ಆಗಿರದ ಖಾತೆಯಿಂದ ಪ್ರಯತ್ನಿಸಿ, ಪಾಸ್‌ವರ್ಡ್ ಬದಲಿಸಿ, ‘ಎನ್‌ಎಲ್‌ಟೆಸ್ಟ್’ನ ‘ಡಿಎಸ್‌ಗೆಟ್‌ಡಿಸಿ’ ಆಯ್ಕೆಯಿಂದ ಯಾವ ಕಂಟ್ರೋಲರ್ ಉತ್ತರಿಸಿತು ಎಂದು ಖಚಿತಪಡಿಸಿಕೊಳ್ಳಿ.

ಏನಾದರೂ ಮುರಿದರೆ ಹಳೆಯದನ್ನು ಮತ್ತೆ ಆನ್ ಮಾಡಿದರಾಯಿತು. ಪಟ್ಟ ಇಳಿಸಿದ ಮೇಲೆ ಈ ಅನುಕೂಲ ಇರುವುದಿಲ್ಲ.

ಹೆಜ್ಜೆ 8: ಪಟ್ಟ ಇಳಿಸುವುದು ಮತ್ತು ಶುಚಿಗೊಳಿಸುವುದು

ಹಳೆಯದನ್ನು ಆನ್ ಮಾಡಿ, ಎರಡೂ ಕಡೆಯ ರೆಪ್ಲಿಕೇಶನ್ ಸಮವಾಗುವವರೆಗೆ ಕಾಯಿರಿ. ಅದರ ಕಾರ್ಡ್‌ನ ಡಿಎನ್‌ಎಸ್ ಹೊಸ ಸರ್ವರನ್ನು ತೋರುತ್ತಿರಲಿ. ಬಳಿಕ ಸರ್ವರ್ ಮ್ಯಾನೇಜರ್‌ನಲ್ಲಿ ರೋಲ್ ತೆಗೆಯಲು ಹೊರಟರೆ ಮೊದಲು ಪಟ್ಟ ಇಳಿಸುವಂತೆ ಅದೇ ಕೇಳುತ್ತದೆ. ‘ಬಲವಂತವಾಗಿ ತೆಗೆ’ ಮತ್ತು ‘ಇದು ಡೊಮೈನ್‌ನ ಕೊನೆಯ ಕಂಟ್ರೋಲರ್’ ಎಂಬರ್ಥದ ಚೌಕಗಳಿಗೆ ಗುರುತು ಹಾಕಬೇಡಿ. ಎರಡನೆಯದು ಕಾಣಿಸಿಕೊಂಡರೆ ಅಲ್ಲೇ ನಿಲ್ಲಿಸಿ, ಅದು ಹೊಸ ಸರ್ವರನ್ನು ಕಾಣುತ್ತಿಲ್ಲ.

ಇಳಿಸಿದ ನಂತರವೂ ಕೆಲವು ಕುರುಹುಗಳು ಉಳಿಯುತ್ತವೆ. ಸೈಟ್ಸ್ ಅಂಡ್ ಸರ್ವೀಸಸ್ ಎಂಬ ನಿರ್ವಹಣಾ ಸಾಧನದಲ್ಲಿ ಹಳೆಯ ಸರ್ವರ್‌ನ ಹೆಸರಿದ್ದು ಅದರಡಿ ಎನ್‌ಟಿಡಿಎಸ್ ಸೆಟ್ಟಿಂಗ್ಸ್ ಇಲ್ಲದಿದ್ದರೆ ಅದನ್ನು ಅಳಿಸಿ. ಡಿಎನ್‌ಎಸ್‌ನ ಪ್ರತಿ ವಲಯದ ನೇಮ್ ಸರ್ವರ್ ಪಟ್ಟಿ, ‘ಎಂಎಸ್‌ಡಿಸಿಎಸ್’ ವಲಯದ ದಾಖಲೆಗಳು ಇವುಗಳಲ್ಲಿ ಹಳೆಯ ಹೆಸರು ಹುಡುಕಿ ತೆಗೆಯಿರಿ. ಹಳೆಯ ಐಪಿ ವಿಳಾಸವನ್ನೇ ಹೊಸದಕ್ಕೆ ಕೊಡುವ ಇರಾದೆಯಿದ್ದರೆ ಈಗ ಕೊಡಬಹುದು: ಹಳೆಯದನ್ನು ಜಾಲದಿಂದ ಬೇರ್ಪಡಿಸಿ, ಹೊಸದರ ವಿಳಾಸ ಬದಲಿಸಿ, ‘ಐಪಿಕಾನ್ಫಿಗ್’ನ ‘ರಿಜಿಸ್ಟರ್‌ಡಿಎನ್‌ಎಸ್’ ಓಡಿಸಿ, ನೆಟ್‌ಲಾಗನ್ ಸೇವೆ ರೀಸ್ಟಾರ್ಟ್ ಮಾಡಿ. ಆರನೇ ಹೆಜ್ಜೆಯಲ್ಲಿ ಕೈಗೆ ಸಿಗದ ಸಾಧನಗಳಿಗೆ ಇದು ಒಳ್ಳೆಯ ರಕ್ಷಣೆ. ಹಾಗೆ ಮಾಡಿದರೆ ಡಿಎಚ್‌ಸಿಪಿಯಲ್ಲೂ ಸಾಧನಗಳಲ್ಲೂ ಬರೆದ ಹೊಸ ಸರ್ವರ್‌ನ ವಿಳಾಸವನ್ನು ಮತ್ತೆ ಸರಿಪಡಿಸಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟು ನಿರ್ಧರಿಸಿ.

ಹಳೆಯ ಯಂತ್ರ ಹೋದ ಮೇಲೆ ನಿಮ್ಮಲ್ಲಿ ಮತ್ತೆ ಒಂದೇ ಕಂಟ್ರೋಲರ್ ಉಳಿದರೆ, ಹೊರಟ ಜಾಗಕ್ಕೇ ಬಂದು ನಿಂತಂತೆ. ಆದ್ದರಿಂದ ಎರಡರಿಂದ ನಾಲ್ಕನೇ ಹೆಜ್ಜೆಯವರೆಗಿನ ಕೆಲಸವನ್ನು ಇನ್ನೊಂದು ಯಂತ್ರಕ್ಕೂ ಮಾಡಿ, ಸಾಧ್ಯವಾದರೆ ಹಳೆಯದನ್ನು ಇಳಿಸುವ ಮೊದಲೇ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಸಣ್ಣ ಡೊಮೈನ್‌ನ ಕಂಟ್ರೋಲರ್‌ಗೆ ಬೇಕಾಗುವ ಪ್ರೊಸೆಸರ್, ಮೆಮೊರಿ ತೀರಾ ಕಡಿಮೆ.

ಕೊನೆಗೆ ಹೊಸ ಕಂಟ್ರೋಲರ್‌ನ ಸಿಸ್ಟಮ್ ಸ್ಟೇಟ್ ಬ್ಯಾಕಪ್ ವೇಳಾಪಟ್ಟಿ ಹಾಕಿ, ಹಳೆಯ ಸರ್ವರ್ ಹೆಸರಿನಲ್ಲಿದ್ದ ಬ್ಯಾಕಪ್ ಕೆಲಸವನ್ನು ನಿಲ್ಲಿಸಿ. ಒಂದೆರಡು ವಾರ ಎಲ್ಲ ಸುಸೂತ್ರವಾಗಿದ್ದರೆ ಫಂಕ್ಷನಲ್ ಲೆವೆಲ್ ಏರಿಸಿ. 2016, 2019, 2022 ಮೂರಕ್ಕೂ ಗರಿಷ್ಠ ಮಟ್ಟ 2016ರದ್ದೇ. ಆಕ್ಟಿವ್ ಡೈರೆಕ್ಟರಿ ರೀಸೈಕಲ್ ಬಿನ್ ಇನ್ನೂ ಚಾಲೂ ಆಗಿಲ್ಲದಿದ್ದರೆ ಅದನ್ನೂ ಇದೇ ದಿನ ಚಾಲೂ ಮಾಡಿ. ಒಮ್ಮೆ ಚಾಲೂ ಮಾಡಿದರೆ ಹಿಂತೆಗೆಯಲು ಬರುವುದಿಲ್ಲ, ಆದರೆ ಕೈತಪ್ಪಿ ಅಳಿಸಿದ ಖಾತೆಯನ್ನು ಅದರ ಗುಂಪುಗಳ ಸಮೇತ ನಿಮಿಷಗಳಲ್ಲಿ ಮರಳಿ ಪಡೆಯಬಹುದು. ಹಳೆಯ ಯಂತ್ರದ ಡಿಸ್ಕ್‌ಗಳನ್ನು ಪೂರ್ತಿಯಾಗಿ ಅಳಿಸಿದ ಮೇಲಷ್ಟೇ ಹೊರಗೆ ಕಳುಹಿಸಿ.